ಕೆಂಪಿ ಡಬ್ಬ ಬಡಿದ ಸಂಜೆ

"ಗುರುಗಳೇ, ಬೀದಿಯಲ್ಲಿ ಗುಂಡು ಹಾರಿದ್ದನ್ನು ಕಂಡ ದಿನದಿಂದ ನನ್ನ ಮಗಳು ಬೆಚ್ಚಿ ಬೀಳುತ್ತಾಳೆ. ಅವಳ ಭಯ ಬಿಡಿಸುವುದು ಹೇಗೆ?" ಎಂದು ಶಿಷ್ಯ ಹೊನ್ನಪ್ಪ ಕೇಳಿದ.

ಗುರುಗಳು ಒಂದು ಕತೆ ಹೇಳಿದರು.

ಕಾಡಂಚಿನಲ್ಲಿ ಒಬ್ಬ ರೈತನಿದ್ದ. ಹೊಲಕ್ಕೆ ಬರುವ ಹಂದಿ ಓಡಿಸಲು ಕೋವಿ ಇಟ್ಟುಕೊಂಡಿದ್ದ. ಅದಕ್ಕೆ ಗುಂಡು ತುಂಬಿಸಿ ಬಾಗಿಲ ಹಿಂದೆ ಒರಗಿಸುವುದು ಅವನ ರೂಢಿ. ಒಂದು ಮಧ್ಯಾಹ್ನ ಅವನ ಎಂಟು ವರ್ಷದ ಮಗಳು ಕೆಂಪಿ, ಪಕ್ಕದ ಮನೆಯ ನಂಜನೊಡನೆ ಬೇಟೆಯ ಆಟ ಆಡುತ್ತ ಅದನ್ನು ಎತ್ತಿಕೊಂಡಳು. ಕೋವಿ ಸಿಡಿಯಿತು. ಗುಂಡು ನಂಜನ ಭುಜ ಸೀಳಿತು. ಪುಣ್ಯಕ್ಕೆ ಜೀವ ಉಳಿಯಿತು.

ಅಂದಿನಿಂದ ಕೆಂಪಿ ಮಂಚದ ಕೆಳಗೆ ಸೇರಿಕೊಂಡಳು. ತಟ್ಟೆ ಬಿದ್ದರೂ ಕಿವಿ ಮುಚ್ಚಿಕೊಳ್ಳುವಳು. ರೈತ ತಾಯಿತ ಕಟ್ಟಿಸಿದ, ಗದರಿಸಿಯೂ ನೋಡಿದ. ಕೊನೆಗೆ ತಾನೂ ಮಂಚದ ಕೆಳಗೆ ತೂರಿ ಅವಳ ಪಕ್ಕದಲ್ಲಿ ಮಲಗಿದ.

"ಅಪ್ಪಾ, ಕೋವಿ ಎಲ್ಲಿದೆ?"

"ತೊಲೆಯ ಮೇಲಿಟ್ಟಿದ್ದೀನಿ ಮಗಾ. ನಿನಗೆ ಎಟುಕೋದಿಲ್ಲ."

"ಏಣಿ ಇಟ್ಟರೆ?"

ರೈತ ಅವಳನ್ನು ಹತ್ತಿರ ಎಳೆದುಕೊಂಡು, "ತಪ್ಪು ನಿಂದಲ್ಲ ಕಣವ್ವಾ. ಗುಂಡು ತುಂಬಿಸಿಟ್ಟವನು ನಾನು" ಎಂದ. ಮರುದಿನ ಕೆಂಪಿ ನೋಡುತ್ತಿರುವಂತೆಯೇ ಕೋವಿ ಇಳಿಸಿ, ಠಾಣೆಗೆ ಒಪ್ಪಿಸಿ, ಬರಿಗೈಯಲ್ಲಿ ಮನೆಗೆ ಬಂದ.

ಹಂದಿ ಬಂದರೆ ಏನು ಮಾಡುತ್ತೀಯೆಂದು ನೆರೆಯವರು ನಕ್ಕರು. ಜೋಳ ತೆನೆಗಟ್ಟಿತ್ತು, ಅವನಿಗೂ ಅಳುಕಿತ್ತು. ಹೊಲದಲ್ಲಿ ಎತ್ತರದ ಅಟ್ಟಣೆ ಕಟ್ಟಿ, ಹಳೆಯ ಡಬ್ಬ, ತಗಡು, ತಮಟೆಗಳನ್ನು ತಂದಿಟ್ಟು ಕೇರಿಯ ಮಕ್ಕಳನ್ನೆಲ್ಲ ಕರೆದ. ಕೆಂಪಿಯನ್ನು ಬಲವಂತ ಮಾಡಲಿಲ್ಲ. ಕೊರಳಿಗೆ ಕೈ ಕಟ್ಟಿಕೊಂಡಿದ್ದ ನಂಜನೇ ಬಂದು ಮಂಚದ ಕೆಳಗೆ ಇಣುಕಿದ.

"ಬಾರೇ ಕೆಂಪಿ, ನನಗೆ ಒಂದೇ ಕೈ. ಡಬ್ಬ ಹಿಡಿಯೋರು ಬೇಕು!"

ಕೆಂಪಿ ಹೊರಗೆ ಬಂದಳು.

ಸಂಜೆ ಹಂದಿಗಳ ಹಿಂಡು ನುಗ್ಗಿತು. ಅಟ್ಟಣೆಯ ಮೇಲೆ ರೈತ ಮಕ್ಕಳೊಡನೆ ನಿಂತಿದ್ದ. ಅವನ ಕಣ್ಣು ಹಂದಿಗಳ ಮೇಲಿರಲಿಲ್ಲ, ಮಗಳ ಮೇಲಿತ್ತು. ನಂಜ ಒಂದು ಏಟು ಹಾಕಿದ. ಕೆಂಪಿ ಕಣ್ಣು ಬಿಗಿಯಾಗಿ ಮುಚ್ಚಿದಳು, ಡಬ್ಬ ಮಾತ್ರ ಬಿಡಲಿಲ್ಲ. ಇನ್ನೊಂದು ಏಟು ಬಿತ್ತು. ಅವಳು ಕಣ್ಣು ತೆರೆದಳು. ನಂಜನ ಕೈಯಿಂದ ಕೋಲು ಕಿತ್ತುಕೊಂಡು ತಾನೇ ಬಡಿದಳು! ಆಮೇಲೆ ಅವರನ್ನು ತಡೆಯುವವರು ಯಾರು? ತಗಡು ಝಣಗುಟ್ಟಿತು, ತಮಟೆ ಗುಡುಗಿತು, ಮಕ್ಕಳೆಲ್ಲ ಹೋ ಎಂದು ಕೂಗಿದರು. ಹಂದಿಗಳು ದಿಕ್ಕಾಪಾಲಾಗಿ ಕಾಡಿಗೆ ಓಡಿದವು.

"ಓಡಿದವು ಅಪ್ಪಾ, ಓಡಿದವು!" ಎಂದು ಕೆಂಪಿ ಕುಣಿದಳು. ಒಂದಷ್ಟು ತೆನೆ ಹೋಗಿತ್ತು. ರೈತ ಅದನ್ನು ತಿರುಗಿಯೂ ನೋಡಲಿಲ್ಲ. ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಊರೆಲ್ಲ ಮೆರೆಸಿದ.

ಹೊನ್ನಪ್ಪನ ಮುಖ ಅರಳಿತು. "ಇವತ್ತೇ ಒಂದು ತಮಟೆ ತರುತ್ತೇನೆ ಗುರುಗಳೇ!" ಎಂದು ಎದ್ದು ನಿಂತ.

ಗುರುಗಳು ಕೇಳಿದರು: "ತಮಟೆ ಇರಲಿ ಹೊನ್ನಪ್ಪಾ, ನಿನ್ನ ಮನೆಯ ಕೋವಿ ಎಲ್ಲಿದೆ?"

ಹೊನ್ನಪ್ಪ ಮತ್ತೆ ಕುಳಿತು, "ಬಾಗಿಲ ಹಿಂದೆಯೇ ಇದೆ ಗುರುಗಳೇ" ಎಂದ.