ಸಾಹೇಬರ ಕೈಯ ನಿಂಬೆಹಣ್ಣು

ಭೀಮಾ ತೀರದ ನಿಂಬೆ ತೋಟಗಳೆಲ್ಲ ಸೊರಗು ರೋಗಕ್ಕೆ ಒಣಗಿದ್ದವು. ಆದರೂ ತೋಟಗಾರಿಕೆ ಸಾಹೇಬರು ಬಂದವರೇ ರೈತ ರಾಯಗೊಂಡಪ್ಪನ ಮುಂದೆ ಹಾಳೆ ಚಾಚಿದರು.

"ಈ ವರ್ಷ ನಿಂಬಿ ಇಳುವರಿ ಏರೇದ ಅಂತ ಬರದೀನಿ. ಸಹಿ ಮಾಡು."

"ಮಾಡ್ತೀನ್ರೀ. ಮೊದಲ ನಮ್ಮ ಪದ್ಧತಿ ಆಗಲಿ."

ಬಂದ ಸಾಹೇಬರ ಕೈಗೆ ನಿಂಬೆಹಣ್ಣು ಕೊಡುವುದು ಅಲ್ಲಿನ ಮರ್ಯಾದೆ. ರಾಯಗೊಂಡಪ್ಪ ಒಳಗಿನಿಂದ ಒಂದನ್ನು ತಂದು ಎರಡೂ ಕೈಯಿಂದ ಕೊಟ್ಟ. ಅದು ಒಣಗಿ, ಕಪ್ಪಾಗಿ, ಅಡಿಕೆಯಷ್ಟಾಗಿತ್ತು.

"ಏನಿದು, ಚ್ಯಾಷ್ಟಿ ಮಾಡ್ತೀಯೇನು?"

"ಇಲ್ರೀ. ಹೋದ ವರ್ಷ ನಿಮಗ ಕೊಟ್ಟಿದ್ದ ಹಣ್ಣ ಇದು. ಜೀಪ್ ಹತ್ತೂಮುಂದ ಬೇಲಿಗೆ ಒಗದು ಹೋದ್ರಿ. ಆಮ್ಯಾಲೆ ಒಂದ ಗಿಡಾನೂ ಕಾಯಿ ಹಿಡೀಲಿಲ್ಲ. ಅದಕ್ಕ ಇದನ್ನ ಹುಡುಕಿ ಇಟ್ಕೊಂಡಿದ್ದೆ. ಈಗ ಹೇಳ್ರಿ, ಸಹಿ ಎಲ್ಲಿ ಮಾಡ್ಲಿ?"

ಸಾಹೇಬರು ಹಾಳೆ ಮಡಚಿದರು. ಹಣ್ಣನ್ನು ಕಿಸೆಯಲ್ಲಿಟ್ಟುಕೊಂಡು ಜೀಪ್ ಹತ್ತಿದರು.