ಮೂವತ್ತಾರು ಸ್ಪೋಕಿನ ಚಕ್ರ

ಕಪಿಲೆಯ ದಡದಲ್ಲಿ ಒಂದು ಆಶ್ರಮ. ಅಲ್ಲಿಯ ಗುರು ಗೌರಾಂಬೆಯಮ್ಮನವರಿಗೆ ಎಪ್ಪತ್ತೆಂಟು ವರ್ಷ. ಶಿಷ್ಯರಿಗೆಲ್ಲ ಅವರು ಅಮ್ಮ.

ಆ ಆಶ್ರಮದಲ್ಲಿ ಒಂದು ಪದ್ಧತಿಯಿತ್ತು. ಕೆಲಸ ಮುಗಿಸಿದವರು ಅಮ್ಮನ ಮುಂದೆ ನಿಂತು ‘ಆಯ್ತು’ ಎನ್ನಬೇಕು. ಹಾಗೆಂದ ಮೇಲೆ ಆ ಕೆಲಸವನ್ನು ಇನ್ನೊಬ್ಬರು ಪರೀಕ್ಷಿಸುವಂತಿಲ್ಲ. ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವುದಾದರೆ ಆಡಿದವರೇ ತೆಗೆದುಕೊಳ್ಳಬೇಕು.

ಶಿಷ್ಯ ಕಪನಯ್ಯ ಹನ್ನೆರಡು ವರ್ಷಗಳಲ್ಲಿ ಒಮ್ಮೆಯೂ ಹಿಂದಕ್ಕೆ ತೆಗೆದುಕೊಂಡವನಲ್ಲ. ಬಾವಿಯ ರಾಟೆ, ಕೊಟ್ಟಿಗೆಯ ಬಾಗಿಲು, ಆಶ್ರಮದ ಮೋಟಾರ್ ಸೈಕಲ್ಲು, ಎಲ್ಲವೂ ಅವನದೇ ಕೈಯಲ್ಲಿ. ಅವನು ಆಯ್ತು ಎಂದರೆ ಆದಂತೆಯೇ. ಆ ಹೆಸರನ್ನು ಅವನು ಮಡಿಪಂಚೆಯಂತೆ ಯಾವ ಕಲೆಯೂ ತಾಗದ ಹಾಗೆ ಕಾಪಾಡಿಕೊಂಡು ಬಂದಿದ್ದ.

ಒಂದು ದಿನ ಅಮ್ಮನಿಗೆ ಕಾಗದ ಬಂತು. ಅವರ ಅಕ್ಕ ಚಂಪಮ್ಮ ಬರೆಸಿದ್ದು. ‘ಕಣ್ಣು ದಿನದಿಂದ ದಿನಕ್ಕೆ ಮಂಜಾಗುತ್ತಿದೆ. ಪೂರ್ತಿ ಕತ್ತಲಾಗುವ ಮೊದಲು ನಿನ್ನ ಮುಖ ಒಂದು ಸಲ ನೋಡಬೇಕು.’

ಅದು ಮೂರು ಬಸ್ಸು ಬದಲಿಸಿ ಹೋಗಬೇಕಾದ ಊರು.

“ಗಾಡೀಲಿ ಕರ್ಕೊಂಡು ಹೋಗ್ತೀಯೇನೋ ಕಪನಿ?”

“ನನ್ನ ಭಾಗ್ಯ ಅಮ್ಮಾ.”

ಗಾಡಿಯ ಹಿಂದಿನ ಚಕ್ರದಲ್ಲಿ ಗಾಳಿ ಇಳಿದಿತ್ತು. ಸ್ಪೋಕಿನ ಚಕ್ರ, ಅದಕ್ಕೆ ಟ್ಯೂಬ್‌ಲೆಸ್ ಟೈರು. ಒಳಗೆ ಟ್ಯೂಬು ಇಲ್ಲದ ಮೇಲೆ ಗಾಳಿಯನ್ನು ರಿಮ್ಮೇ ಹಿಡಿದಿಡಬೇಕು. ರಿಮ್ಮಿನಲ್ಲೋ ಮೂವತ್ತಾರು ಸ್ಪೋಕಿಗೆ ಮೂವತ್ತಾರು ತೂತು. ಒಂದೊಂದರ ಬಾಯಿಗೂ ಅಂಟು ಮೆತ್ತಿರುತ್ತದೆ.

ಕಪನಯ್ಯ ಸೋಪಿನ ನೀರು ಸುರಿದ. ಒಂದು ಸ್ಪೋಕಿನ ಬುಡದಲ್ಲಿ ಗುಳ್ಳೆ ಎದ್ದಿತು. ಅಲ್ಲಿಗೆ ಹೊರಗಿನಿಂದ ಅಂಟು ಮೆತ್ತಿದ, ಗಾಳಿ ತುಂಬಿದ, ಕೈ ತೊಳೆದುಕೊಂಡ.

“ಆಯ್ತು ಅಮ್ಮಾ.”

“ಹಾಗಾದ್ರೆ ನಾಳೆ ಹೊರಡೋಣ.”

ಮರುದಿನ ನಸುಕಿನಲ್ಲಿ ಎದ್ದು ಗಾಳಿ ಅಳೆಯುವ ಗೇಜು ಹಿಡಿದು ನೋಡಿದ. ಮೂವತ್ತೆರಡು ಪೌಂಡು ಇದ್ದದ್ದು ಇಪ್ಪತ್ತಕ್ಕೆ ಬಂದಿತ್ತು.

ಅಮ್ಮನ ಬಳಿ ಹೋಗಿ ‘ಆಗಿಲ್ಲ’ ಎನ್ನಬೇಕಾಗಿತ್ತು. ಆದರೆ ಕಾಲು ಪಂಪಿನ ಕಡೆಗೆ ನಡೆಯಿತು.

ಬಿಸಿಲೇರುವ ಹೊತ್ತಿಗೆ ಅಮ್ಮ ಬಂದರು.

“ಗಾಡಿ ಆಯ್ತೇನೋ?”

“ಆಯ್ತು ಅಮ್ಮಾ.”

ಅಮ್ಮ ಚಕ್ರವನ್ನು ನೋಡಲಿಲ್ಲ. ಅವನ ಮುಖವನ್ನು ನೋಡಿದರು.

“ಯಾಕೋ ಮಂಡಿ ನೋಯ್ತಿದೆ ಕಣೋ. ನಾಳೆ ಹೋದ್ರಾಯ್ತು.”

ಕಪನಯ್ಯ ‘ಸದ್ಯ, ಬದುಕಿದೆ’ ಎಂದುಕೊಂಡ. ಆ ಮಧ್ಯಾಹ್ನ ಯಾರೂ ನೋಡದಾಗ ಇನ್ನಷ್ಟು ಅಂಟು ಮೆತ್ತಿದ. ಬೆಳಗಾಗುವಷ್ಟರಲ್ಲಿ ಗಾಳಿ ಅದನ್ನೂ ಹೊಪ್ಪಳೆಯಂತೆ ಎಬ್ಬಿಸಿತ್ತು. ಮತ್ತೆ ಪಂಪು ಹೊಡೆದ.

“ಆಯ್ತೇನೋ?”

“ಆಯ್ತು ಅಮ್ಮಾ.”

“ಹಾಳು ಮಂಡಿ. ನಾಳೆ ನೋಡೋಣ.”

ಹೀಗೇ ದಿನ ಕಳೆಯಿತು. ಅಡುಗೆಯ ನಂಜವ್ವ ಒಂದು ಬೆಳಿಗ್ಗೆ ಕಿಟಕಿಯಿಂದ ತಲೆ ಹಾಕಿ, “ಏನಯ್ಯಾ, ದಿನಾ ಗಾಡಿಗೆ ಉಸಿರು ತುಂಬ್ತೀಯಲ್ಲ, ನನ್ನ ಒಲೇನೂ ಒಸಿ ಊದಬಾರದಾ?” ಎಂದಳು. ಕಪನಯ್ಯ ನಕ್ಕಂತೆ ಮಾಡಿದ. ನಗು ಬರಲಿಲ್ಲ.

ಒಂಬತ್ತನೆಯ ದಿನ ಚಂಪಮ್ಮನ ಇನ್ನೊಂದು ಕಾಗದ ಬಂತು. ಅಮ್ಮ ಅದನ್ನು ಬಿಚ್ಚಿ ಅವನ ಕೈಗೆ ಕೊಟ್ಟರು.

“ಓದು.”

ಅವನು ಓದಿದ. ‘ನೀನು ಇನ್ನೂ ಬರಲಿಲ್ಲ. ಬಾಗಿಲಿಗೆ ಬಂದವರು ಯಾರೆಂದು ಈಗ ತೀರ ಹತ್ತಿರ ಬಂದರೆ ಮಾತ್ರ ತಿಳಿಯುತ್ತದೆ. ಬೆಳಗಿನ ಹೊತ್ತು ವಾಸಿ. ಬೆಳಿಗ್ಗೆ ಬಾ.’

ಕಾಗದ ಮಡಿಸಿ ಹಿಂದಕ್ಕೆ ಕೊಟ್ಟ.

“ಚೆನ್ನಾಗಿ ಓದ್ತೀಯ,” ಎಂದರು ಅಮ್ಮ.

ಹತ್ತನೆಯ ನಸುಕಿನಲ್ಲಿ ಕಪನಯ್ಯ ಗಾಡಿಯ ಬಳಿ ಹೋದಾಗ ಅಲ್ಲಿ ಆಗಲೇ ಪಂಪಿನ ಸದ್ದು ಕೇಳುತ್ತಿತ್ತು.

ಅಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಎರಡು ಕೈಯಲ್ಲೂ ಹಿಡಿಯನ್ನು ಒತ್ತುತ್ತಿದ್ದರು. ಒಂದು ಸಲ ಒತ್ತುವುದು, ಒಂದು ಸಲ ಉಸಿರು ಬಿಡುವುದು.

“ಅಮ್ಮಾ! ಬಿಡಿ ಅಮ್ಮಾ!”

“ಸರಿ ಆಚೆಗೆ. ಒಂಬತ್ತು ದಿನ ನೀನು ಹೊಡೆದೆ, ಸೋತಿದ್ದೀಯ. ಇವತ್ತಿನ ಸರದಿ ನಂದು.”

ಕಪನಯ್ಯ ಪಂಪಿನ ಪಕ್ಕ ಮಣ್ಣಿನಲ್ಲೇ ಮಂಡಿಯೂರಿದ. ಅಮ್ಮ ನಿಲ್ಲಿಸಲಿಲ್ಲ. ಅವನು ಪಂಪಿನ ಮೇಲಿದ್ದ ಆ ಸುಕ್ಕುಗಟ್ಟಿದ ಕೈಗಳ ಮೇಲೆ ತನ್ನ ಕೈ ಇಟ್ಟ.

“ಆಗಿಲ್ಲ ಅಮ್ಮಾ. ಮೊದಲ ದಿನವೇ ಆಗಿರಲಿಲ್ಲ.”

ಪಂಪು ನಿಂತಿತು.

“ನಂಜವ್ವಾ,” ಎಂದು ಅಮ್ಮ ಕೂಗಿದರು, “ಅಂಟುವಾಳದ ನೊರೆ ಮಾಡಿ ಒಂದು ಬಟ್ಟಲಲ್ಲಿ ಕೊಡು.”

ಅಮ್ಮನ ತಂದೆಯದು ಸೈಕಲ್ ಅಂಗಡಿ. ಪಂಕ್ಚರ್ ಹಾಕುವುದನ್ನು ಅಮ್ಮನಿಗೆ ಕಲಿಸಿದವಳು ಅಕ್ಕ ಚಂಪಮ್ಮ. ಆ ಮಾತು ಕಪನಯ್ಯನಿಗೆ ಅಂದೇ ತಿಳಿದದ್ದು.

“ಒಂದೊಂದು ಸ್ಪೋಕಿನ ಬುಡಕ್ಕೂ ನೊರೆ ಹಚ್ಚು. ಹಚ್ಚಿ ನೂರು ಎಣಿಸು. ಆಮೇಲೆ ಮುಂದಿನದು.”

“ನೂರಾ?”

“ಮೆಲ್ಲಗೆ ಹೋಗೋ ಗಾಳಿ ನಿನ್ನ ಅವಸರಕ್ಕೆ ಮುಖ ತೋರಿಸುತ್ತೇನೋ?”

ಹನ್ನೊಂದನೆಯ ಸ್ಪೋಕಿನಲ್ಲಿ, ಎಂಬತ್ತು ಎಣಿಸುವಾಗ, ಸಾಸಿವೆ ಕಾಳಿನಷ್ಟು ಗುಳ್ಳೆ ಎದ್ದಿತು. ಇಪ್ಪತ್ತಮೂರನೆಯದರಲ್ಲಿ ಇನ್ನೊಂದು. ಅವನು ಅಂಟು ಮೆತ್ತಿದ್ದ ಕಡೆಯೂ ಸೇರಿ ಒಟ್ಟು ಮೂರು.

ಟೈರು ಬಿಚ್ಚಿದರು. ಕಪನಯ್ಯ ರಿಮ್ಮಿನ ಒಳಮೈಯಿಂದ ಹಳೆಯ ಅಂಟನ್ನು ಕೆರೆದು, ಒರೆಸಿ, ಒಣಗಿಸಿದ. ಹೊಸ ಅಂಟಿನ ಡಬ್ಬಿ ತೆರೆದವನು ಹಾಗೆಯೇ ಕೈ ತಡೆದ.

“ಅಮ್ಮಾ, ನಿಮಗೆ ಪಂಪಿನ ಸದ್ದು ಮೊದಲಿಂದ ಕೇಳ್ತಿತ್ತಲ್ಲ. ಅವತ್ತೇ ಎರಡು ಬೈದಿದ್ರೆ ಅಕ್ಕನವರನ್ನ ಇಷ್ಟು ದಿನ ಕಾಯಿಸಬೇಕಾಗಿರಲಿಲ್ಲ. ಯಾಕೆ ಬೈಲಿಲ್ಲ?”

“ಗಾಳಿ ಯಾವ ಕಡೆಯಿಂದ ತಳ್ಳುತ್ತೋ?”

“ಒಳಗಿಂದ.”

“ನೀನು ಅಂಟು ಮೆತ್ತಿದ್ದು?”

“ಹೊರಗಡೆಯಿಂದ.”

“ನಿಲ್ತೇ?”

ಕಪನಯ್ಯ ಬಗ್ಗಿ, ಒಳಗಡೆಯಿಂದ, ಹನ್ನೊಂದನೆಯ ತೂತಿನ ಬಾಯಿಗೆ ಅಂಟು ಮೆತ್ತಿದ. ಮಗುವಿನ ಗಾಯಕ್ಕೆ ಮುಲಾಮು ಹಚ್ಚುವಷ್ಟು ಮೆತ್ತಗೆ.

“ಮಧ್ಯಾಹ್ನವೇ ಹೊರಟುಬಿಡೋಣ ಅಮ್ಮಾ. ಅಕ್ಕನವರು…”

“ಅಂಟು ಒಣಗೋದಕ್ಕೆ ಒಂದು ದಿನ ಬೇಕು. ಅಕ್ಕ ಆಗಿದ್ರೆ ನಿನ್ನ ಕಿವಿ ಹಿಂಡ್ತಿದ್ಲು.”

ಒಂದು ದಿನ ಕಾದರು. ಮರುದಿನ ಕಪನಯ್ಯ ಟೈರನ್ನು ಕೂರಿಸಿ, ಸಂತೆಬೀದಿಯ ಪಂಕ್ಚರ್ ಅಂಗಡಿಯಲ್ಲಿ ಮೂವತ್ತೆರಡು ಪೌಂಡು ಗಾಳಿ ತುಂಬಿಸಿ ತಂದ.

ಅದರ ಮಾರನೆಯ ಬೆಳಿಗ್ಗೆ ಕಪನಯ್ಯ ಗೇಜು ಹಿಡಿದ. ಮೂವತ್ತೆರಡು. ನಂಬಿಕೆ ಬಾರದೆ ಮತ್ತೊಮ್ಮೆ ಹಿಡಿದ. ಮೂವತ್ತೆರಡೇ.

ಅಮ್ಮ ಶಾಲು ಹೊದ್ದು, ಹೆಲ್ಮೆಟ್ಟನ್ನು ಬುಟ್ಟಿಯಂತೆ ಕೈಗೆ ತಗುಲಿಸಿಕೊಂಡು ಬಂದರು. ನಂಜವ್ವ ಬುತ್ತಿಯ ಗಂಟು ಹಿಡಿದು ಹಿಂದೆ ನಿಂತಿದ್ದಳು.

“ಗಾಡಿ ಆಯ್ತೇನೋ?”

ಹನ್ನೆರಡು ವರ್ಷದ ಮಾತು ನಾಲಿಗೆಯ ತುದಿಯವರೆಗೆ ಬಂತು. ಕಪನಯ್ಯ ಅದನ್ನು ಅಲ್ಲೇ ತಡೆದ.

“ನಿನ್ನೆಯಿಂದ ಗಾಳಿ ಇಳಿದಿಲ್ಲ ಅಮ್ಮಾ. ಅಷ್ಟು ಹೇಳಬಲ್ಲೆ. ದಾರೀಲಿ ಅಲ್ಲಲ್ಲಿ ನಿಲ್ಲಿಸಿ ನೋಡ್ತೀನಿ, ಪಂಪೂ ಕಟ್ಕೊಂಡಿದ್ದೀನಿ. ಆಯ್ತು ಅನ್ನೋ ಮಾತನ್ನ ಅಕ್ಕನವರ ಮನೆ ಬಾಗಿಲಲ್ಲಿ ನಿಂತು ಹೇಳ್ತೀನಿ.”

ಅಮ್ಮ ಹೆಲ್ಮೆಟ್ಟು ಹಾಕಿಕೊಂಡು, ಅವನ ಭುಜ ಹಿಡಿದು, ಒಂದೇ ಸಲಕ್ಕೆ ಹತ್ತಿ ಕುಳಿತರು.

“ಮೆಲ್ಲಗೆ ಅಮ್ಮಾ! ಮಂಡಿ ನೋವು?”

“ಅದಾ? ಮೊನ್ನೆ ನೀನು ‘ಆಗಿಲ್ಲ’ ಅಂದಾಗಲೇ ಹೋಯ್ತಲ್ಲೋ.”