ಧೂಳು ಒರೆಸುವ ಪಾಠ

ಶಾಲೆಗೆ ಎಂಟು ಕಂಪ್ಯೂಟರ್ ಬಂದು ಎರಡು ವರ್ಷವಾಗಿತ್ತು. ಹೆಡ್ ಮಾಸ್ಟರ್ ವಿರೂಪಾಕ್ಷಯ್ಯ ಅವಕ್ಕೆ ಬಟ್ಟೆ ಹೊದಿಸಿ ಕೋಣೆಗೆ ಬೀಗ ಹಾಕಿದ್ದರು. ಕಂಪ್ಯೂಟರ್ ಪಾಠವೆಲ್ಲ ಕರಿಹಲಗೆಯ ಮೇಲಿನ ಚಿತ್ರದಲ್ಲೇ ಮುಗಿಯುತ್ತಿತ್ತು. ಬಿಡುವಾದರೆ ಸಾಕು, ಮಕ್ಕಳು ಆ ಕೋಣೆಯ ಕಿಟಕಿಗೆ ಮೂಗು ಒತ್ತಿ ನಿಲ್ಲುತ್ತಿದ್ದರು. ಗಾಜಿನ ಮೇಲೆ ಉಳಿದ ಮೂಗಿನ ಗುರುತುಗಳನ್ನು ದಿನಾ ಒರೆಸುತ್ತಿದ್ದವಳು ಆಯಾ ಯಂಕಮ್ಮ.

ಒಂದು ದಿನ ಹೆಡ್ ಮಾಸ್ಟರ್ ಅವಳನ್ನು ಕರೆದು ಗುಡುಗಿದರು. "ನಾಳೆ ಶಾಲೆ ತಪಾಸಣೆಗೆ ಸಾಹೇಬರು ಬರ್ತಾರ. ಕಂಪ್ಯೂಟರಿನ ಒಂದೊಂದು ಗುಂಡಿನೂ ಫಳಫಳ ಹೊಳೀಬೇಕು. ಧೂಳು ಕಂಡರ ನಿನ್ನ ಕೆಲಸ ಹೋತು."

"ನನ್ನೊಬ್ಬಾಕಿ ಕೈಲೆ ಆಗೂದಿಲ್ರಿ. ಮಕ್ಕಳನ್ನ ಕರಕೊಳ್ಳಲೇನ್ರಿ?"

"ಕರಕೋ. ಒರೆಸೂದು ಬಿಟ್ಟು ಬ್ಯಾರೆ ಏನೂ ಮಾಡಬಾರದು." ಜೇಬಿನಿಂದ ಬೀಗದ ಕೈ ತೆಗೆದು ಕೊಟ್ಟರು.

ಕಂಪ್ಯೂಟರ್ ಜೋಡಿಸಲು ಬಂದವರು ಮಾಡಿದ್ದನ್ನು ಯಂಕಮ್ಮ ಅಂದೇ ನೋಡಿಟ್ಟುಕೊಂಡಿದ್ದಳು. ಎಂಟನ್ನೂ ಚಾಲೂ ಮಾಡಿ, ಪರದೆಯ ಮೇಲೆ ಬರೆಯುವ ಹಾಳೆ ತೆರೆದಳು. ಮಕ್ಕಳ ಕೈಗೆ ಬಟ್ಟೆ ಕೊಟ್ಟಳು. "ನಿಮ್ಮ ನಿಮ್ಮ ಹೆಸರಿನ ಅಕ್ಷರ ಒಂದಾದಮ್ಯಾಲ ಒಂದು ಒರಸ್ರಿ. ಮೆಲ್ಲಕ."

ಸ್ವಲ್ಪ ಹೊತ್ತಿಗೆ ಹೆಡ್ ಮಾಸ್ಟರ್ ಬಂದರು. ಪರದೆಗಳ ತುಂಬ ಮಕ್ಕಳ ಹೆಸರು. "ಏನಿದು?"

"ಒರಸಾಕತ್ತಾರ್ರಿ ಸರ. ಯಾವ ಗುಂಡಿ ಒರಸಿದ್ರು, ಯಾವುದು ಬಿಟ್ರು ಅಂತ ಗೊತ್ತಾಗಬೇಕಲ್ರಿ. ಅದಕ್ಕ ಚಾಲೂ ಮಾಡೀನಿ."

ಹೆಡ್ ಮಾಸ್ಟರ್ ಪರದೆಯ ಹತ್ತಿರ ಬಗ್ಗಿದರು. ಬೀಗದ ಕೈ ಎರಡು ವರ್ಷ ಅವರ ಜೇಬಿನಲ್ಲೇ ಇತ್ತು. ಕೆಟ್ಟೀತೆಂಬ ಹೆದರಿಕೆಯಲ್ಲಿ ಅವರೂ ಒಂದು ಗುಂಡಿಯನ್ನೂ ಒತ್ತಿರಲಿಲ್ಲ. ಈಗ ಮಕ್ಕಳ ನಡುವೆ ಒಂದು ಸ್ಟೂಲು ಎಳೆದುಕೊಂಡು ಕೂತರು.

"ಯಂಕಮ್ಮ, ನನ್ನ ಹೆಸರು ಭಾಳ ಉದ್ದ ಐತಿ. ಅದರ ಅಕ್ಷರದಾಗ ಇನ್ನೂ ಧೂಳು ಉಳದಿರಬೇಕು. ನನಗೂ ಒಂದು ಬಟ್ಟೆ ಕೊಡು."